ಒಲೆ ಹಚ್ಚದ ಮನೆಯ ಹಿಡಿಯಕ್ಕಿ

ಮಾರ್ಚ್ 2, ಶನಿವಾರ

ಗುಡಿಸಿದ್ದಾಯಿತು. ಕಿಟಕಿ ಗಾಜು ಒರೆಸಿದ್ದಾಯಿತು. ಬೂಟಿಗೆ ಪಾಲಿಶ್ ಆಯಿತು — ಇರುವುದು ಒಂದೇ ಜೊತೆ, ಆದರೂ ಶನಿವಾರ ಉಜ್ಜಲೇಬೇಕು. ನಾಳೆ ಪೊರಕೆ ಮುಟ್ಟುವಂತಿಲ್ಲ. ಐಜಾಲ್‌ನ ಈ ಗುಡ್ಡದಲ್ಲಿ ಭಾನುವಾರ ಯಾರಾದರೂ ಕಸ ಗುಡಿಸಿದರೆ ದೇವರಿಗಿಂತ ಮೊದಲು ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ.

ಕೊನೆಗೆ ಡಬ್ಬಿ. ಮೂಟೆಯಿಂದ ಲೋಟದಲ್ಲಿ ಅಕ್ಕಿ ಮೊಗೆದು ಸುರಿದೆ. ಮುಚ್ಚಳ ಹಾಕಿದೆ. ಮುಗಿಯಿತು.

ಹಾಗೆ ಮಾಡಬಾರದು. ದಿನಾ ಎರಡು ಹೊತ್ತು, ಒಲೆಗೆ ಇಡುವ ಮುಂಚೆ, ಅಳೆದಿಟ್ಟ ಅಕ್ಕಿಯಿಂದ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಬೇಕು. ಚರ್ಚಿನ ಪಾಲು, ದೇವರದು. ನಮ್ಮ ಅಜ್ಜಿಯರ ಕಾಲದಿಂದ ಬಂದದ್ದು. ಈ ಮನೆಯಲ್ಲಿ ಅದು ಅತ್ತೆಯ ಕೆಲಸ. ಕಣ್ಣು ಹೋದ ಮೇಲೆ ಅವರಿಗೆ ಉಳಿದದ್ದು ಅದೊಂದೇ. ಒಲೆ ಪಕ್ಕ ಬೆತ್ತದ ಪೀಠ, ಮೋಡಾ, ಅದರ ಮೇಲೆ ಕೂತಿರುವರು. ನಾನು ಬೋಗುಣಿ ಮುಂದೆ ಹಿಡಿಯಬೇಕು. ಕೈ ಹಾಕಿ, ತಡವಿ, ಹಿಡಿ ತೆಗೆದು, "ಅವನದ್ದು ಆಯ್ತು, ಇನ್ನು ನಮ್ಮದು ತೊಳಿ" ಅನ್ನುವರು. ನನಗೆ ಅವಸರವಿದ್ದ ದಿನ ಅದು ಕೇಳಿದರೇ ಸಿಟ್ಟು ಬರುತ್ತಿತ್ತು.

ಜನವರಿಯಲ್ಲಿ ಅವರನ್ನು ಮಣ್ಣು ಮಾಡಿದೆವು. ಆಮೇಲೆ ನಾನು ಅನ್ನ ಮಾಡಿಲ್ಲ. ಒಂದು ದಿನವೂ ಇಲ್ಲ. ಬನ್ನು, ಬಿಸ್ಕೆಟ್, ನೂಡಲ್ಸ್, ಬೆಲ್ಲ ಕಚ್ಚಿಕೊಂಡು ಕಪ್ಪು ಚಹಾ. ಅನ್ನವಿಲ್ಲದ ಮನೆಗೆ ಹಿಡಿ ಎಲ್ಲಿಂದ? ಅದಕ್ಕೇ ಶನಿವಾರ ಲೋಟ.

ದೆಂಗಿ ಚೀಲ ಹಿಡಿದು ಬಂದಳು. ಪಕ್ಕದ ಮನೆಯವಳು. ನಮ್ಮ ಸಾಲಿನ ಅಕ್ಕಿ ಒಟ್ಟುಮಾಡುವುದು ಅವಳ ಜವಾಬ್ದಾರಿ. ಒಳಗೆ ಬರಲಿಲ್ಲ. ಹೊಸಿಲಲ್ಲೇ ಡಬ್ಬಿ ಇಸಿದುಕೊಂಡು ಸುರಿದುಕೊಂಡಳು.

"ಆರಾಮಾ?"

"ಆರಾಮು."

ಹೋದಳು. ಹೊಸಿಲು ದಾಟದಿರುವುದಕ್ಕೂ ಕಾರಣ ಉಂಟು. ಅತ್ತೆ ಹೋದಾಗ ನೆರೆಯವರೆಲ್ಲ ಸಂಜೆ ಸಂಜೆ ಬಂದು ಕೂತು, ಡೋಲು ಬಾರಿಸಿ ಹಾಡುತ್ತಿದ್ದರು. ಸಾವಿನ ಮನೆಯನ್ನು ಒಂಟಿ ಬಿಡಬಾರದು ಎಂದು. ನನಗೆ ತಲೆ ಸಿಡಿಯುತ್ತಿತ್ತು. ಒಂದು ಸಂಜೆ ಎಲ್ಲರೆದುರಿಗೇ ಅಂದುಬಿಟ್ಟೆ, ಸಾಕು, ನಾಳೆಯಿಂದ ಬರಬೇಡಿ ಎಂದು. ಡೋಲು ಬಾರಿಸುತ್ತಿದ್ದವಳು ದೆಂಗಿ.

ಬರಲಿಲ್ಲ. ಯಾರೂ. ಹೇಳಿದ ಮಾತು ಕೇಳುವ ಜನ.


ಮಾರ್ಚ್ 5, ಮಂಗಳವಾರ

ಮಹಿಳಾ ಕೂಟ. ಕಾರ್ಯದರ್ಶಿ ಪಿ ರೆಮಿ — ಹೆಂಗಸರ ಹೆಸರಿಗೆ ಗೌರವಕ್ಕೆ ಪಿ ಸೇರಿಸುತ್ತೇವೆ — ಮಾತಾಡಿದಳು. ಸ್ಕೂಲ್ ಟೀಚರ್, ಚೆನ್ನಾಗಿಯೇ ಮಾತಾಡುತ್ತಾಳೆ. ಈ ವರ್ಷ ಎಲ್ಲರೂ ಸರದಿ ಮೇಲೆ ಮನೆಗೆಲಸದಿಂದ ಒಂದೊಂದು ಪಾಠ ಹೇಳಬೇಕಂತೆ. ಅವಳದು ತಳ ಹತ್ತಿದ ಪಾತ್ರೆ. ನೆನೆಹಾಕಬೇಕು — ಅದು ಪಶ್ಚಾತ್ತಾಪ. ಉಜ್ಜಬೇಕು — ಅದು ಶಿಸ್ತು. ಹೊಳೆಯುತ್ತದೆ — ಅದು ಕೃಪೆ. ಹೋದ ತಿಂಗಳು ಹರಿದ ಸೊಳ್ಳೆಪರದೆಯಲ್ಲೂ ಕೃಪೆ ಸಿಕ್ಕಿತ್ತು. ಅವಳ ಮನೆಯಲ್ಲಿ ಬಚ್ಚಲು ಕಟ್ಟಿಕೊಂಡರೂ ಒಂದು ವಾಕ್ಯ ಹೊರಡುತ್ತದೆ. ನನ್ನ ಮನೆಯಲ್ಲಿ ಬರೀ ನೀರು ನಿಲ್ಲುತ್ತದೆ.

ಇಲ್ಲಿಯವರೆಗೆ ನಗುತ್ತಲೇ ಇದ್ದೆ. ಆಮೇಲೆ ಚೀಟಿ ನೋಡಿ ಓದಿದಳು.

"ಏಪ್ರಿಲ್ ಎರಡಕ್ಕೆ ಪಿ ಖುಮಿ. ವಿಷಯ ಹಿಡಿಯಕ್ಕಿ. ಇವರ ಅತ್ತೆಯವರನ್ನ ನೆನೆಸಿಕೊಳ್ಳಿ, ಕಣ್ಣಿಲ್ಲದೇನೂ ಒಂದು ಹೊತ್ತೂ ತಪ್ಪಿಸಲಿಲ್ಲ. ಈಗ್ಲೂ ಆ ಮನೆ ಡಬ್ಬಿ ತುಂಬೇ ಬರುತ್ತಂತೆ. ಇವರಿಗಿಂತ ಯಾರು ಹೇಳೋಕೆ ಸಾಧ್ಯ, ಹೇಳಿ?"

ಎಲ್ಲ ತಿರುಗಿ ನೋಡಿದರು. ನಾನು ತಲೆಯಾಡಿಸಿದೆ. ಇಲ್ಲ ಎನ್ನಬಹುದಿತ್ತು.


ಮಾರ್ಚ್ 6, ಬುಧವಾರ

ಬಟ್ಟೆ ಒಣಹಾಕುವಾಗ ದೆಂಗಿ ಗೋಡೆಯಾಚೆಯಿಂದ, "ನಿನ್ನ ಮನೆ ಕುಕ್ಕರ್ ಕೆಟ್ಟಿದ್ಯೇನೆ? ಕೂಗಿದ್ದೇ ಕೇಳಲ್ಲ."

"ಕೆಟ್ಟಿಲ್ಲ. ನೀನು ಹೊಲಿಗೆ ಮಷಿನ್ ಸದ್ದಲ್ಲಿ ಕೇಳಿಸ್ಕೊಂಡಿರಲ್ಲ."

"ಮಷಿನ್ ಇರೋದು ನಿನ್ನ ಮನೇಲಿ."

ಒಳಗೆ ಬಂದೆ. ಸಂಜೆ ಕುಕ್ಕರಿಗೆ ಒಂದು ಲೋಟ ನೀರು ಹಾಕಿ ಒಲೆ ಹಚ್ಚಿದೆ. ಬರೀ ನೀರು. ಎರಡು ಸಲ ಕೂಗಿಸಿದೆ. ಅಡುಗೆಮನೆ ಕಿಟಕಿ ತೆರೆದಿಟ್ಟೆ, ಚೆನ್ನಾಗಿ ಕೇಳಲಿ ಎಂದು. ಆಮೇಲೆ ಆರಿಸಿ, ನೀರು ತಣಿದ ಮೇಲೆ ಸಾಸಿವೆ ಸೊಪ್ಪಿನ ಕುಂಡಕ್ಕೆ ಹಾಕಿದೆ.

ಐವತ್ತೆಂಟು ವರ್ಷದ ಹೆಂಗಸು. ಪಕ್ಕದ ಮನೆಯವರಿಗೆ ಕೇಳಲಿ ಎಂದು ನೀರು ಕುದಿಸುತ್ತೇನೆ. ನಗು ಬಂತು. ಜೋರಾಗಿಯೇ ನಕ್ಕೆ. ಅತ್ತೆ ಇದ್ದಿದ್ದರೆ ಏನೇ ಅದು ಎಂದು ಕೇಳುತ್ತಿದ್ದರು. ಕೇಳುವವರಿಲ್ಲ ಎಂದು ಹೊಳೆದ ಕೂಡಲೇ ನಗು ನಿಂತಿತು.


ಮಾರ್ಚ್ 7, ಗುರುವಾರ

ಮತ್ತೆ ಕೂಗಿಸಿದೆ. ಬೆಳಿಗ್ಗೆ, ಸಂಜೆ.


ಮಾರ್ಚ್ 13, ಬುಧವಾರ

ಮಳೆನೀರಿನ ಟ್ಯಾಂಕ್ ತೊಳೆದೆ. ಮಳೆ ಹತ್ತಿರ ಬಂತು, ಮೊದಲು ತೊಳೆಯಬೇಕು. ಇದು ನನ್ನ ಗಂಡನ ಕೆಲಸವಾಗಿತ್ತು. ಜೋವಾ ತೀರಿಕೊಂಡ ಮೇಲೆ ನನ್ನದು. ಅತ್ತೆ ಹೊರಗೆ ಕೂತು ಅಪ್ಪಣೆ ಕೊಡುವರು. "ಮೂಲೆ ಉಜ್ಜಿದ್ಯಾ? ಅಲ್ಲ, ಆ ಕಡೆ ಮೂಲೆ." ಕಣ್ಣಿಲ್ಲ, ಆದರೂ ಯಾವ ಮೂಲೆ ಬಿಟ್ಟಿದ್ದೇನೆ ಎಂದು ಗೊತ್ತು. ಬ್ರಷ್ಷಿನ ಸದ್ದಿನಲ್ಲೇ ತಿಳಿಯುತ್ತಿತ್ತೋ ಏನೋ.

ಏಣಿ ಹಾಕಿ ಒಳಗಿಳಿದೆ. ಪಾಚಿ, ಕೆಸರು, ಸತ್ತ ಹಲ್ಲಿ. ಉಜ್ಜುತ್ತ ಭಾಷಣ ಯೋಚಿಸಿದೆ. ನಮ್ಮ ಹೃದಯವೂ ಈ ಟ್ಯಾಂಕಿನ ಹಾಗೆ... ಥೂ. ನನ್ನ ಹೃದಯದಲ್ಲಿ ಹಲ್ಲಿ ಇಲ್ಲ. ರೆಮಿಗೆ ಬಿಟ್ಟುಕೊಡುತ್ತೇನೆ.

ಉಜ್ಜಿ ಮುಗಿಸಿ ಒಳಗೇ ಕೂತೆ. ತಂಪಾಗಿತ್ತು. ಯಾಕೆ ಹೊಳೆಯಿತೋ, ಅತ್ತೆಯನ್ನು ಕರೆಯುತ್ತಿದ್ದ ಹಾಗೆ "ಅಮ್ಮಾ" ಎಂದೆ. ದನಿ ಸುತ್ತಿ ತಿರುಗಿ ಬಂತು. ಇನ್ನೊಂದು ಸಲ ಕರೆದೆ. ಮನೆಯೊಳಗೆ ಕರೆದರೆ ಅದೂ ಬರುವುದಿಲ್ಲ. ಮಂಡಿ ನೋಯುತ್ತಿದೆ ಈಗ.


ಮಾರ್ಚ್ 16, ಶನಿವಾರ

ದೆಂಗಿ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದಳು.

"ಇದೇನೇ ಖುಮಿ, ಮುದುಕಿ ಇದ್ದಾಗ್ಲೂ ಇಷ್ಟು ಬರ್ತಿರಲಿಲ್ಲ. ನಿನ್ನ ಕೈ ಅಷ್ಟು ದೊಡ್ಡದಾ?"

ಹೆಚ್ಚು ಹಾಕಿಬಿಟ್ಟಿದ್ದೆ. ಲೋಟಕ್ಕೆ ಅಂದಾಜು ಎಲ್ಲಿದೆ. ಮುಖ ಬಿಸಿಯಾಯಿತು. ಹೊಲಿಗೆಗೆ ಬಂದವರಿದ್ದಾರೆ ಎಂದು ಬಾಗಿಲು ಹಾಕಿಕೊಂಡೆ. ಯಾರೂ ಬಂದಿರಲಿಲ್ಲ.

ಕದ್ದರೆ ಕಳ್ಳಿ ಎನ್ನುತ್ತಾರೆ. ದೇವರಿಗೆ ಹೆಚ್ಚು ಕೊಟ್ಟು ಸಿಕ್ಕಿಬಿದ್ದವಳಿಗೆ ಏನನ್ನುತ್ತಾರೋ.


ಮಾರ್ಚ್ 19, ಮಂಗಳವಾರ

ಕೂಟಕ್ಕೆ ಹೋಗಲಿಲ್ಲ. ಯೂನಿಫಾರ್ಮ್ ಹೊಲಿದೆ. ಕುಕ್ಕರ್ ಕೂಗಿಸಿದೆ.


ಮಾರ್ಚ್ 27, ಬುಧವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಮಧ್ಯಾಹ್ನ ಮಳೆ. ಮೊದಲನೇ ಮಳೆ. ಮಷಿನ್ ಬಿಟ್ಟು ಬಾಗಿಲಿಗೆ ಬಂದು ನೋಡುತ್ತ ನಿಂತೆ. ಎದುರಿನ ಗುಡ್ಡ ಕಾಣದಾಯಿತು. ತಗಡಿನ ಮೇಲೆ ಸದ್ದೋ ಸದ್ದು. ಮನೆಯಲ್ಲಿ ಇಷ್ಟು ಸದ್ದಾಗಿ ಎಷ್ಟು ಕಾಲವಾಗಿತ್ತು. ಖುಷಿಯಾಯಿತು.

ಪೈಪ್ ಮರೆತೇಬಿಟ್ಟೆ.

ಮೊದಲನೇ ಮಳೆಯನ್ನು ಟ್ಯಾಂಕಿಗೆ ಬಿಡಬಾರದು. ಚಳಿಗಾಲದ ಧೂಳು, ಕಾಡಿನ ಬೆಂಕಿಯ ಬೂದಿ, ಹಕ್ಕಿ ಹಿಕ್ಕೆ, ಎಲ್ಲ ತಗಡಿನ ಮೇಲಿರುತ್ತದೆ. ಪೈಪನ್ನು ಚರಂಡಿಗೆ ತಿರುಗಿಸಿ, ತಗಡು ತೊಳೆದುಹೋದ ಮೇಲೆ ಟ್ಯಾಂಕಿಗೆ ಇಡಬೇಕು. ಎಳೆ ಮಕ್ಕಳಿಗೂ ಗೊತ್ತು. ನನಗೂ ಗೊತ್ತು. ಆದರೆ ಪ್ರತಿ ವರ್ಷ ಮೊದಲ ಹನಿಗೇ "ಪೈಪ್!" ಎಂದು ಕೂಗುತ್ತಿದ್ದವರು ಅತ್ತೆ. ನಾನು ಸಿಡುಕುತ್ತ ಹೋಗಿ ತಿರುಗಿಸುತ್ತಿದ್ದೆ. ಇವತ್ತು ಯಾರೂ ಕೂಗಲಿಲ್ಲ.

ಕೂಗಿದರು. ಗೋಡೆಯಾಚೆಯಿಂದ. "ಪೈಪ್! ಏಯ್ ಖುಮಿ! ಪೈಪ್ ತಿರುಗಿಸೇ!"

ಓಡಿದೆ. ಅಷ್ಟರಲ್ಲಿ ದೆಂಗಿಯೇ ಗೋಡೆ ಬಳಸಿ, ತಲೆ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಂದು ಪೈಪ್ ಎಳೆಯುತ್ತಿದ್ದಳು. ಇಬ್ಬರೂ ಸೇರಿ ತಿರುಗಿಸಿದೆವು. ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆ. ಕಪ್ಪು ನೀರು. ಮಂಡಿ ಊರಿ ಉಜ್ಜಿದ ಟ್ಯಾಂಕು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮಳೆಯಲ್ಲಿ ಅತ್ತರೆ ಗೊತ್ತಾಗುವುದಿಲ್ಲ ಎನ್ನುವುದು ಸುಳ್ಳು. ಗೊತ್ತಾಗುತ್ತದೆ.

"ಏಳು, ಒಳಗೆ ನಡಿ. ನೀನು ಸತ್ತರೆ ನಾನೇ ಡೋಲು ಬಾರಿಸಬೇಕು. ಬರಬೇಡ ಅಂತ ನೀನೇ ಅಂದಿದ್ದೀಯ, ಫಜೀತಿ."

ಒಳಗೆ ಬಂದಳು. ಜನವರಿಯ ನಂತರ ಮೊದಲ ಸಲ. ಟವೆಲ್ ಕೊಟ್ಟೆ. ತಲೆ ಒರೆಸಿಕೊಳ್ಳುತ್ತ ಅಡುಗೆಮನೆಗೇ ಹೋದಳು. ಒಲೆ ನೋಡಿದಳು. ಅದರ ಮೇಲೆ ಕುಕ್ಕರ್, ಒಳಗೆ ಬೆಳಗಿನ ನೀರು. ಬಿಸ್ಕೆಟ್ ಪೊಟ್ಟಣದ ರಾಶಿ. ಅತ್ತೆಯ ಮೋಡಾ ಅಲ್ಲೇ ಇತ್ತು. ಅದರ ಮೇಲೆ ಅವಳು ಕೂರಲಿಲ್ಲ. ಅದಕ್ಕೆ ನನಗೆ ಅವಳ ಮೇಲೆ ಪ್ರೀತಿ ಬಂತು.

"ಬರೀ ನೀರಿಗೆ ಬೇಗ ಕೂಗತ್ತೆ ಖುಮಿ. ಅಕ್ಕಿ ಇದ್ರೆ ಹೊತ್ತು ಬೇಕು. ನೀನು ಒಲೆ ಹಚ್ಚೋದೂ ಕೇಳತ್ತೆ, ಕೂಗೋದೂ ಕೇಳತ್ತೆ. ನಡುವೆ ಏನೂ ಇಲ್ಲ. ಆಮೇಲೆ ಘಮಾನೂ ಇಲ್ಲ."

"ಗೊತ್ತಿದ್ದೂ ಸುಮ್ಮನಿದ್ದೀಯ?"

"ಗೊತ್ತಿದ್ದೂ ಏನು ಮಾಡ್ಲಿ? ಒಳಗೆ ಬರಬೇಡಿ ಅಂದವಳ ಮನೆಗೆ ನುಗ್ಲಾ? ಕುಕ್ಕರ್ ಕೆಟ್ಟಿದ್ಯಾ ಅಂತ ಕೇಳಿದೆ. ಅದಕ್ಕಿಂತ ಹೆಂಗೆ ಕೇಳೋದು?"

ಚಹಾ ಮಾಡಿದೆ. ನಿಂತೇ ಕುಡಿದಳು.

"ಮತ್ತೆ ಆ ಅಕ್ಕಿ?"

"ಮೂಟೆಯಿಂದ."

"ಅಂದ್ಕೊಂಡೆ. ಮಂಗಳವಾರ ಏನು ಹೇಳ್ತೀಯ?"

"ಗೊತ್ತಿಲ್ಲ. ಜ್ವರ ಅಂತ ಹೇಳ್ಕಳಿಸ್ತೀನಿ."

"ಹೇಳ್ಕಳಿಸು. ರೆಮಿ ಎಲ್ಲರನ್ನೂ ಕರ್ಕೊಂಡು ಪ್ರಾರ್ಥನೆ ಮಾಡೋಕೆ ಇಲ್ಲಿಗೇ ಬರ್ತಾಳೆ. ಇಲ್ಲಾ ಅಲ್ಲಿ ನಿಂತು ಸುಳ್ಳು ಹೇಳು, ನಾನು ಮುಂದಿನ ಬೆಂಚಲ್ಲಿ ಕೂತು ಕೆಮ್ಮುತ್ತೀನಿ."

ಲೋಟ ತೊಳೆದಿಟ್ಟು ಹೋದಳು. ಮಳೆ ನಿಂತಿತ್ತು. ಟ್ಯಾಂಕ್ ಖಾಲಿ ಮಾಡಿದೆ. ಮೊದಲ ಮಳೆ, ಕೊಳೆ ನೀರು, ತಿರುಗಿಸಬೇಕಾದ ಪೈಪ್... ರೆಮಿಯ ಕೈಗೆ ಸಿಕ್ಕಿದ್ದರೆ ಎರಡು ಮಂಗಳವಾರಕ್ಕೆ ಸಾಕಾಗುತ್ತಿತ್ತು. ನನಗೆ ತಲೆಯಲ್ಲಿ ಉಳಿದದ್ದು ಒಂದೇ. ಯಾರೋ ಕೂಗಿದರು.


ಮಾರ್ಚ್ 30, ಶನಿವಾರ

ಈ ವಾರ ಲೋಟ ಮುಟ್ಟಲಿಲ್ಲ. ಕುಕ್ಕರನ್ನೂ ಕೂಗಿಸಲಿಲ್ಲ. ಡಬ್ಬಿ ಒರೆಸಿ ಇಟ್ಟೆ.

ದೆಂಗಿ ಅದನ್ನು ಚೀಲದ ಮೇಲೆ ಬೋರಲು ಹಾಕಿ, ತಳ ತಟ್ಟಿ, ವಾಪಸ್ ಕೊಟ್ಟಳು. ಎಂದಿನ ಹಾಗೆಯೇ.

"ಖಾಲಿ," ಎಂದೆ.

"ಹೂಂ. ಈ ಸಲ ಲೆಕ್ಕ ಸರಿ ಇದೆ."

ಮುಂದಿನ ಮನೆಗೆ ಹೋದಳು. ಈ ಡಬ್ಬಿ ಖಾಲಿ ಹೋದದ್ದು ಇದೇ ಮೊದಲು. ಜೋವಾ ಸತ್ತ ವಾರವೂ ಅತ್ತೆ ತಪ್ಪಿಸಿರಲಿಲ್ಲ. ನೆರೆಯವರು ತಂದ ಅಕ್ಕಿಯಲ್ಲೇ ಹಿಡಿ ತೆಗೆದಿದ್ದರು. ನಾಚಿಕೆಯಾಯಿತು. ಆದರೆ ಮೊನ್ನೆ ಮೊನ್ನೆಯ ಹಾಗೆ ಮುಖ ಬಿಸಿಯಾಗಲಿಲ್ಲ.


ಏಪ್ರಿಲ್ 2, ಮಂಗಳವಾರ

ಹೋದೆ. ಅತ್ತೆ ನೇಯ್ದ ಪುಆನ್ ಉಟ್ಟು ಹೋದೆ. ಡಬ್ಬಿಯನ್ನೂ ತೆಗೆದುಕೊಂಡು ಹೋದೆ, ಕೈಯಲ್ಲಿ ಏನಾದರೂ ಬೇಕಲ್ಲ.

ದೆಂಗಿ ನಿಜವಾಗಿಯೂ ಮುಂದಿನ ಬೆಂಚಿನಲ್ಲಿ ಕೂತಿದ್ದಳು.

ಅತ್ತೆಯ ಬಗ್ಗೆ ಶುರು ಮಾಡಿದೆ. ಮೋಡಾ, ಬೋಗುಣಿ, ಅವನದ್ದು ಆಯ್ತು ಎನ್ನುವುದು. ಎಲ್ಲ ತಲೆಯಾಡಿಸಿದರು. ಅಲ್ಲಿಗೇ ನಿಲ್ಲಿಸಿ ಕೂರಬಹುದಿತ್ತು. ಹೊಗಳುತ್ತಿದ್ದರು. ಡಬ್ಬಿ ಮುಚ್ಚಳ ತೆಗೆದು ಬಗ್ಗಿಸಿ ತೋರಿಸಿದೆ. ಬಾಯಿಗೆ ಬಂದಷ್ಟು ಹೇಳಿದೆ.

"ಇದು ಖಾಲಿ. ಅಮ್ಮ ಹೋದಾಗಿಂದ ನಾನು ಅನ್ನ ಮಾಡಿಲ್ಲ. ನಿಮಗೆ ಬಂದಿದ್ದು ಮೂಟೆ ಅಕ್ಕಿ, ಹಿಡಿ ಅಕ್ಕಿ ಅಲ್ಲ. ಕುಕ್ಕರಿಗೆ ನೀರು ಹಾಕಿ ಕೂಗಿಸ್ತಿದ್ದೆ. ಅಮ್ಮ ಹಸಿದಿರ್ತಿದ್ರು, ಆ ಹಸಿವಿನ ಅನ್ನದಲ್ಲಿ ಒಂದು ಹಿಡಿ ಕೊಡ್ತಿದ್ರು. ನಂಗೆ ಹಸಿವೇ ಆಗಲ್ಲ. ಹಸಿವಿಲ್ಲದವಳು ಏನು ಅಂತ ಕೊಡ್ಲಿ? ಮನೇಲಿ ಒಬ್ಬಳೇ ಕೂತು ಉಣ್ಣೋಕೆ ಆಗಲ್ಲ. ಅಷ್ಟೇ. ಪಾಠ ಏನೂ ಸಿಕ್ಕಿಲ್ಲ ನಂಗೆ."

ದೆಂಗಿ ಕೆಮ್ಮಲಿಲ್ಲ.

ರೆಮಿ ಎದ್ದಳು. "ಹಾಗಾದ್ರೆ, ಪಿ ಖುಮಿಯವರ ಮಾತಿಂದ ನಾವು ಕಲಿಯಬೇಕಾಗಿದ್ದು..." ಎಂದು ನಿಂತಳು. ಕನ್ನಡಕ ತೆಗೆದಳು. ಏನೂ ಹೊಳೆಯಲಿಲ್ಲ ಪಾಪ. "ಹಾಡೋಣ," ಎಂದಳು. ಮೊದಲ ಸಲ ಅವಳು ನನಗೆ ಇಷ್ಟವಾದಳು.

ಮುಗಿದ ಮೇಲೆ ಜನ ಗುಂಪು ಗುಂಪಾಗಿ ಇಳಿದರು. ನನಗೆ ದಾರಿ ಬಿಟ್ಟರು. ಒಬ್ಬಳೇ ಟಾರ್ಚ್ ಹಿಡಿದು ಹತ್ತಿ ಬಂದೆ.


ಏಪ್ರಿಲ್ 4, ಗುರುವಾರ

ಯಾರೂ ಬರಲಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ.

ಬರುತ್ತಾರೆ ಎಂದುಕೊಂಡಿದ್ದೆ. ಮೆಟ್ಟಿಲು ಗುಡಿಸಿದೆ, ಕಪ್ ತೊಳೆದಿಟ್ಟೆ. ಹೊಸ ಚಹಾಪುಡಿ ತಂದೆ. ಎಲ್ಲರೆದುರಿಗೆ ಹೊಟ್ಟೆ ಬಗೆದು ತೋರಿಸಿದವಳಿಗೆ ಒಂದು ಬಟ್ಟಲು ಸಾರು ಕೊಡುವವರಿಲ್ಲವೇ? ಸಿಟ್ಟು ಬಂದಿದೆ. ಅವರ ಮೇಲೋ ನನ್ನ ಮೇಲೋ ತಿಳಿಯುತ್ತಿಲ್ಲ. ಬರಬೇಡಿ ಎಂದದ್ದನ್ನು ವಾಪಸ್ ತೆಗೆದುಕೊಂಡಿಲ್ಲವಲ್ಲ ನಾನು. ಅದನ್ನು ಹೇಳುವುದು ಬಿಟ್ಟು ಬೇರೆಲ್ಲ ಹೇಳಿದೆ.


ಏಪ್ರಿಲ್ 6, ಶನಿವಾರ

ಇವತ್ತು ಬೆಳಿಗ್ಗೆ ಅನ್ನಕ್ಕಿಟ್ಟೆ. ಹಸಿವಾಗಿ ಅಲ್ಲ, ಹಟಕ್ಕೆ.

ಒಬ್ಬಳಿಗಾಗುವಷ್ಟು ಅಳೆದೆ. ಬೋಗುಣಿಗೆ ಕೈ ಹಾಕಿದೆ. ಈ ಮನೆಯಲ್ಲಿ ಇಷ್ಟು ವರ್ಷ ಅನ್ನ ಬೇಯಿಸಿದ್ದೇನೆ, ಹಿಡಿ ತೆಗೆದದ್ದು ಇದೇ ಮೊದಲು. ಅದು ಅವರದಾಗಿತ್ತು. ಪೂರ್ತಿ ಹಿಡಿ ತೆಗೆದೆ, ಬೋಗುಣಿಯಲ್ಲಿ ತಳ ಕಂಡಿತು. ವಾಪಸ್ ಹಾಕಿದೆ. ಬೆರಳ ತುದಿಯಲ್ಲಿ ಹಿಡಿದಷ್ಟು ಡಬ್ಬಿಗೆ ಹಾಕಿದೆ. ಅವನದ್ದು ಆಯ್ತು ಎನ್ನಲು ನಾಲಿಗೆ ಏಳಲಿಲ್ಲ. ಅನ್ನ ಉಂಡೆ, ಒಣಮೆಣಸಿನ ಚಟ್ನಿ ಜೊತೆ.

ದೆಂಗಿ ಬಂದಳು. ಡಬ್ಬಿಯೊಳಗೆ ಬಗ್ಗಿ ನೋಡಿದಳು.

"ಇದೇನೇ, ಗುಬ್ಬಚ್ಚಿಗಾ?"

"ಒಬ್ಬಳ ಅನ್ನದಲ್ಲಿ ಒಂದು ಹಿಡಿ ತೆಗೆದ್ರೆ ಉಣ್ಣೋಕೆ ಏನು ಉಳಿಯತ್ತೆ?"

"ಹಂಗಾದ್ರೆ ಇಬ್ಬರಿಗೆ ಮಾಡು."

"ಇನ್ನೊಬ್ಬರು ಯಾರು?"

ಅವಳು ಚೀಲದ ಬಾಯಿ ಕಟ್ಟುತ್ತ ಕೂತಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ನಾನೇ ಹೇಳಬೇಕು ಎಂದು ಕಾಯುತ್ತಿದ್ದಾಳೆ ಎಂದು ತಡವಾಗಿ ಹೊಳೆಯಿತು.

"ದೆಂಗಿ, ಅವತ್ತು ನಾನು ಬರಬೇಡಿ ಅಂದೆ."

"ಅಂದೆ."

"ಬಾ."

"ಯಾವತ್ತು?"

"ನಿಂಗೆ ಆದಾಗ."

"ಆದಾಗ ಅಂದ್ರೆ ಆಗಲ್ಲ. ಸೋಮವಾರ ಸಂಜೆ. ಮಗ ಸೊಸೆ ಯುವಜನರ ಕೂಟಕ್ಕೆ ಹೋಗ್ತಾರೆ, ಮುದುಕ ರೇಡಿಯೋ ಮುಂದೆ ಬಿದ್ದಿರ್ತಾನೆ. ಬಿಸ್ಕೆಟ್ ಇಟ್ಟಿದ್ರೆ ಮೆಟ್ಟಿಲಿಂದಲೇ ವಾಪಸ್, ಹೇಳಿದೀನಿ."


ಏಪ್ರಿಲ್ 8, ಸೋಮವಾರ, ಸಂಜೆ

ಸೊಪ್ಪು ಬೇಯಿಸಿದೆ. ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಒಂದಿಷ್ಟು ತಂದು ಅದಕ್ಕೇ ಹಾಕಿದೆ. ಉಪ್ಪು ಹೆಚ್ಚಾಯಿತೇನೋ. ರುಚಿ ನೋಡುವುದೂ ಮರೆತುಹೋಗಿದೆ.

ಇಬ್ಬರಿಗೆ ಅಳೆದೆ. ಅಳತೆ ಕೈಗೆ ನೆನಪಿತ್ತು. ಮೋಡಾವನ್ನು ಒಲೆ ಪಕ್ಕಕ್ಕೆ ಎಳೆದು ಅದರ ಮೇಲೆ ನಾನೇ ಕೂತೆ. ಬೋಗುಣಿ ಮಡಿಲಲ್ಲಿ. ಕಣ್ಣು ಮುಚ್ಚಿ ಕೈ ಹಾಕಿದೆ. ಪೂರ್ತಿ ಹಿಡಿ. ಡಬ್ಬಿಗೆ ಬಿದ್ದಾಗ ಸದ್ದಾಯಿತು. "ಅವನದ್ದು ಆಯ್ತು" ಎಂದೆ. "ಇನ್ನು ನಮ್ಮದು ತೊಳಿ" ಎನ್ನುವಷ್ಟರಲ್ಲಿ ಅಳು ಬಂತು. ತೊಳೆಯುವವಳೂ ನಾನೇ. ಎದ್ದು ತೊಳೆದೆ.

ಒಲೆ ಮೇಲಿಟ್ಟು ಇಲ್ಲಿ ಬಂದು ಬರೆಯುತ್ತಿದ್ದೇನೆ. ಯುವಜನರ ಕೂಟದ ಗಂಟೆ ಹೊಡೆದು ಆಗಲೇ ಹೊತ್ತಾಯಿತು. ದೆಂಗಿ ಬಂದಿಲ್ಲ. ಮರೆತಿರಬಹುದು. ಮುದುಕನಿಗೆ ಏನಾದರೂ ಆಯಿತೋ. ಅಥವಾ ಯಾರೋ ಏನೋ ಅಂದು ಅವಳ ಮನಸ್ಸು ಬದಲಾಗಿರಬಹುದು. ಬರದಿದ್ದರೆ ಇಬ್ಬರ ಅನ್ನವನ್ನೂ ನಾನೇ ಉಣ್ಣಬೇಕು, ನಾಳೆಯೂ.

ಉಣ್ಣುತ್ತೇನೆ. ಹಸಿವಾಗುತ್ತಿದೆ. ಬೆಳಗಿನಿಂದ ಕಾಯುತ್ತಿದ್ದೆನಲ್ಲ, ಅದಕ್ಕಿರಬೇಕು.

ಕುಕ್ಕರ್ ಇನ್ನೂ ಕೂಗಿಲ್ಲ. ಒಳಗೆ ಅಕ್ಕಿ ಇದೆ, ಹೊತ್ತು ಬೇಕು. ಕಿಟಕಿ ತೆರೆದೇ ಇಟ್ಟಿದ್ದೇನೆ. ಘಮ ಆಚೆ ಮನೆಗೆ ಹೋಗುತ್ತಿದೆಯೋ ಇಲ್ಲವೋ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮೇಲಿನ ಮನೆಯವರದ್ದಿರಬೇಕು. ಅಲ್ಲ, ನಿಂತಿತು. ಯಾರೋ ನಮ್ಮ ಪೈಪಿಗೆ ಬೈಯುತ್ತಿದ್ದಾರೆ. ಸರಿಯಾಗಿ ಕಟ್ಟಿಲ್ಲವಂತೆ, ಮುಂದಿನ ಮಳೆಗೆ ಬೀಳುತ್ತದಂತೆ. ತಟ್ಟೆ ಇನ್ನೂ ಒಂದೇ ಇಟ್ಟಿ—